ಮಾವನ ಶೆಡ್ಡಿನಲ್ಲಿ ಸತ್ತ ಮೂರು ಬ್ಯಾಟರಿಗಳು

ನಮ್ಮ ಸೋದರಮಾವನ ಜೊತೆ ಒಂದೇ ಒಂದು ಸಲ ಅಂಗಡಿಗೆ ಹೋಗಿ ಬಂದವರು ಆಮೇಲೆ ಬದುಕಿನಲ್ಲಿ ಯಾವ ದೆವ್ವಕ್ಕೂ ಹೆದರುವುದಿಲ್ಲ. ನಾನು ನಾಲ್ಕು ಸಲ ಹೋಗಿದ್ದೇನೆ, ಅದೂ ಒಂದೇ ಸಾಮಾನಿಗೆ. ಆ ಪ್ರಕಾರ ನಾನು ಇಷ್ಟು ಹೊತ್ತಿಗೆ ಮಹಾ ನಿರ್ಭೀತನಾಗಿರಬೇಕಿತ್ತು. ಆದರೆ ಆ ಎರಡು ವಾರ ಅವರ ಮನೆಯ ಹಿಂದಿನ ಶೆಡ್ಡಿನ ಕಡೆ ಹೆಜ್ಜೆ ಇಡಲು ನನ್ನ ಕಾಲು ಬರುತ್ತಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಆ ಶೆಡ್ಡಿನೊಳಕ್ಕೆ ಹೋದ ಹೊಸ ಬ್ಯಾಟರಿ ಯಾವುದೂ ಮರುದಿನ ಬೆಳಗ್ಗೆ ಬದುಕಿರುತ್ತಿರಲಿಲ್ಲ.

ನಾನು ಮಾನಂದವಾಡಿಯಲ್ಲಿ ವಿಜ್ಞಾನದ ಮೇಷ್ಟ್ರು. ಪಾಠವೆಲ್ಲ ಮಲಯಾಳದಲ್ಲಿ. ದೆವ್ವ ಇಲ್ಲ, ಭೂತ ಇಲ್ಲ, ಎಲ್ಲಕ್ಕೂ ಒಂದು ಕಾರಣ ಉಂಟು ಎಂದು ಮಲಯಾಳದಲ್ಲಿ ಮೇಜು ಕುಟ್ಟಿ ಹೇಳಬಲ್ಲೆ. ಮನೆಮಾತು ಮಾತ್ರ ಕನ್ನಡ. ಹೆದರಿಕೆಯನ್ನೆಲ್ಲ ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕನ್ನಡದಲ್ಲೇ ಕಲಿತದ್ದು. ಹಾಗಾಗಿ ಶಾಲೆಯಲ್ಲಿ ನಾನು ಧೀರ, ಮಾವನ ಮನೆಯಲ್ಲಿ ಪುಕ್ಕಲ. ಏನು ಮಾಡುವುದು? ಒಂದು ಭಾಷೆಯ ಧೈರ್ಯ ಇನ್ನೊಂದು ಭಾಷೆಯಲ್ಲಿ ಚಲಾವಣೆ ಆಗುವುದಿಲ್ಲ.

ಮಾವನ ಮನೆ ಇರುವುದು ಬೇಗೂರು ಕಾಡು ದಾಟಿ ಕುಟ್ಟದ ಕಡೆ ಹೋಗುವ ದಾರಿಯಲ್ಲಿ. ನಮ್ಮಜ್ಜನ ಕಾಲಕ್ಕೆ ಎಚ್.ಡಿ. ಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆ ಊರಿದ ಮನೆತನ. ಮುಂದೆ ರಸ್ತೆ, ಹಿಂದೆ ಒಂದಿಷ್ಟು ಕಾಫಿ, ಅದರ ಹಿಂದೆ ಕಾಡು. ಕಾಡಿಗೂ ಮನೆಗೂ ನಡುವೆ ಆ ಶೆಡ್ಡು. ಮಾವ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಳ್ಳುವ ಮನುಷ್ಯ. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ಕೊಳ್ಳುತ್ತಾರೆ. ಆದರೆ ಇವರು ಪ್ರೆಶರ್ ಕುಕ್ಕರನ್ನೂ ಹಾಗೇ ಕೊಂಡರು! ಕೊಡೆ ಕೊಳ್ಳಲು ಹೋಗಿ ಅಂಗಡಿಯ ಎಲ್ಲ ಕೊಡೆಗಳನ್ನೂ ಬಿಚ್ಚಿ, ಒಂದೊಂದರ ಕೆಳಗೂ ಎರಡೆರಡು ನಿಮಿಷ ನಿಂತು, “ಇದ್ರ ಕೆಳಗೆ ನಿಂತ್ರೆ ಮನಸ್ಸಿಗೆ ಹಿತ ಇಲ್ಲ” ಎಂದು ಮಳೆಯಲ್ಲಿ ನೆನೆಯುತ್ತಾ ಮನೆಗೆ ಬಂದವರು.

ಇವರ ಹುಚ್ಚಾಟಗಳಿಗೆ ನಕ್ಕು ಸುಮ್ಮನಿರಬಹುದಿತ್ತು. ಈ ಸಲ ನಗಲು ಆಗಲಿಲ್ಲ. ಅತ್ತೆಗೆ ಎರಡು ವರ್ಷದಿಂದ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಮಾನಂದವಾಡಿಯಲ್ಲಿ ಡಯಾಲಿಸಿಸ್. ಬೆಳಗ್ಗೆ ಏಳಕ್ಕೆ ಅವರ ಸರದಿ. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಅವರಿಗಿಲ್ಲ. ಮನೆಯಲ್ಲಿರುವ ಹಳೇ ಏಳು ಸೀಟಿನ ಬಿಳಿ ಗಾಡಿಯ ಮಧ್ಯದ ಸೀಟಿನಲ್ಲಿ ದಿಂಬು ಹಾಕಿ ಮಲಗಿಸಿಕೊಂಡು ಮಾವ ಆರು ಗಂಟೆಗೆ ಹೊರಡಬೇಕು, ಮಂಜಿನಲ್ಲಿ ಬೇಗೂರು ಕಾಡು ದಾಟಬೇಕು. ಗಾಡಿ ಹೊರಟರೆ ಅತ್ತೆ ಉಂಟು. ಹೊರಡದಿದ್ದರೆ ಇಲ್ಲ. ವಿಷಯ ಅಷ್ಟೇ.

ಆ ಗಾಡಿಗೆ ಮೊದಲು ಕಾಯಿಲೆ ಬಂದದ್ದು ಬೇಗೂರಿನಲ್ಲೇ. ಅವತ್ತು ನಾನೂ ಜೊತೆಗಿದ್ದೆ. ಬೆಳಗಿನ ಮಂಜು, ಎರಡು ಮಾರು ಆಚೆ ಏನೂ ಕಾಣದು. ಬಿದಿರ ಮೆಳೆಯ ತಿರುವಿನಲ್ಲಿ ಒಂದು ಸಲಗ ರಸ್ತೆಗೆ ಅಡ್ಡ ನಿಂತಿತ್ತು. ಮಾವ ಗಾಡಿ ನಿಲ್ಲಿಸಿದರು. ಗಾಬರಿಯಲ್ಲಿ ಎಂಜಿನ್ನೂ ನಿಂತುಹೋಯಿತು. ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ. ಆಮೇಲೆ ಯಾರೂ ಮುಟ್ಟದೆ ಗಾಜು ಒರೆಸುವ ಕಡ್ಡಿ ತಾನಾಗಿ ಅರ್ಧಕ್ಕೆ ಎದ್ದು ನಿಂತಿತು, ಯಾರನ್ನೋ ಬಾ ಎಂದು ಕರೆದ ಹಾಗೆ. ಆನೆ ಹತ್ತಿರ ಬಂತು. ಬಾನೆಟ್ಟಿನ ಮೇಲೆ ಸೊಂಡಿಲು ಇಟ್ಟು, ಎಷ್ಟೋ ಹೊತ್ತು, ಒಳಗಿನದ್ದನ್ನು ಕೇಳಿಸಿಕೊಳ್ಳುವ ಹಾಗೆ ನಿಂತಿತು. ಹಿಂದೆ ಮಲಗಿದ್ದ ಅತ್ತೆಯ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಆನೆ ಹೋದ ಮೇಲೆ ಮಾವ ಕೈ ಮುಗಿದು ಕೀಲಿ ತಿರುಗಿಸಿದರು. ಗಾಡಿ ಹೊರಟಿತು.

“ದಣಿದ ಬ್ಯಾಟರಿ ಮಾವ. ಸ್ವಲ್ಪ ಹೊತ್ತು ಬಿಟ್ಟರೆ ಒಂಚೂರು ಚೇತರಿಸಿಕೊಳ್ತದೆ” ಎಂದು ನಾನು ನಡುಗುತ್ತಲೇ ವಿಜ್ಞಾನ ಹೇಳಿದೆ.

“ಚೇತರಿಸ್ಕೊಳ್ಳೋದಲ್ಲ ಕಣಪ್ಪ. ಕೊನೇ ಉಸ್ರು ಕಟ್ಟಿಟ್ಕೊಂಡಿತ್ತು, ಇವಳಿಗೋಸ್ಕರ” ಅಂದರು ಮಾವ.

ಅಲ್ಲಿಂದ ಆ ಗಾಡಿಯ ರೀತಿಯೇ ಬದಲಾಯಿತು. ನಿಂತಲ್ಲೇ ಬಾಗಿಲುಗಳು ಕಟಕ್ಕೆಂದು ತಾವಾಗಿ ಬೀಗ ಹಾಕಿಕೊಂಡವು. ಹಾರ್ನ್ ಒತ್ತಿದರೆ ಮುದುಕರು ನಿದ್ದೆಯಲ್ಲಿ ನರಳಿದ ಸದ್ದು ಬಂತು. ಗಾಡಿಯೊಳಗಿನ ಗಡಿಯಾರ ದಿನಾ ಬೆಳಗ್ಗೆ ಒಂದು ಗಂಟೆಯಿಂದ ಮತ್ತೆ ಶುರುವಾಯಿತು. ಮನೆ ಎತ್ತರದಲ್ಲಿರುವುದರಿಂದ ಆಸ್ಪತ್ರೆಯ ದಿನ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಿ, ಇಳಿಜಾರಿನಲ್ಲಿ ಉರುಳಿಸಿ ಹೊರಡಿಸುವುದು ಎಂದಾಯಿತು. ಕಾಡಿನ ನಡುವೆ ಮತ್ತೆ ನಿಂತರೆ? ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಹೊಸ ಬ್ಯಾಟರಿ ತರಲು ನನ್ನ ಸ್ಕೂಟರಿನಲ್ಲಿ ಮಾನಂದವಾಡಿಗೆ ಹೋದೆವು. ಬ್ಯಾಟರಿ ಅಂಗಡಿಯವನು ಒಳ್ಳೇ ಮನುಷ್ಯ. ಕುಟ್ಟದ ಕಡೆಯ ಗಿರಾಕಿಗಳ ಸಹವಾಸದಿಂದ ಕನ್ನಡವನ್ನೂ ಕಲಿತಿದ್ದ. ನಾವು ಅವನನ್ನು ಮಲಯಾಳದಲ್ಲಿ ಅಣ್ಣ ಅನ್ನುವ ಹಾಗೆ ಚೇಟ್ಟ ಎಂದೇ ಕರೆಯುತ್ತಿದ್ದೆವು.

ಮಾವ ಮೊದಲು ಕೈ ಇಟ್ಟದ್ದು ಎಲ್ಲಕ್ಕಿಂತ ದೊಡ್ಡದರ ಮೇಲೆ.

“ಅದು ಲಾರಿದು. ನಿಮ್ಮ ಗಾಡಿಯ ತಟ್ಟೆಯೊಳಗೆ ಕೂರಲ್ಲ” ಅಂದ ಚೇಟ್ಟ.

“ತಟ್ಟೆ ದೊಡ್ಡದು ಮಾಡಿದ್ರಾಯ್ತು.”

“ಆಗ ಬಾನೆಟ್ ಮುಚ್ಚಲ್ಲ.”

“ಬಾನೆಟ್ ತೆರೆದೇ ಇಟ್ರೆ ಗಾಳಿ ಆಡ್ತದಪ್ಪ” ಅಂದರು ಮಾವ, ಕಣ್ಣು ಕೂಡ ಮಿಟುಕಿಸದೆ.

ಅಳತೆಗೆ ಸರಿಯಾದದ್ದನ್ನು ಚೇಟ್ಟ ತೋರಿಸಿದ. ಅದರ ಪ್ಲಸ್ಸು ಎಡಗಡೆ, ನಮ್ಮ ಗಾಡಿಯ ಕೆಂಪು ವಯರು ಬಲಗಡೆ, ಎಳೆದರೂ ಮುಟ್ಟುವುದಿಲ್ಲ. ಮಾವ ಅದನ್ನು ಕನಿಕರದಿಂದ ನೋಡಿ “ಪಾಪ, ಎಡಚ” ಎಂದು ತಲೆ ಸವರಿ ಮುಂದೆ ಹೋದರು. ಬಲಗಡೆ ಪ್ಲಸ್ಸಿರುವುದನ್ನು ತಂದಾಗ ಅದರ ಮೈಮೇಲೆ ಅಚ್ಚಾಗಿದ್ದ ತಯಾರಿಯ ತಿಂಗಳನ್ನು ನಾನು ಓದಿದೆ. ತುಂಬಾ ದಿನ ಅಂಗಡಿಯಲ್ಲಿ ಕೂತದ್ದು ಬೇಡ ಎಂಬುದು ನನ್ನ ಲೆಕ್ಕಾಚಾರ. ಮಾವನ ಲೆಕ್ಕಾಚಾರವೇ ಬೇರೆ.

“ಹುಟ್ಟಿದ್ದು ಯಾವ ವಾರ?”

“ವಾರ ಬರೆಯಲ್ಲ, ತಿಂಗಳು ಮಾತ್ರಂ.”

“ಹುಟ್ಟಿದ ತಿಂಗಳು ಗೊತ್ತು, ವಾರ ಗೊತ್ತಿಲ್ಲ ಅಂದ್ರೆ ಹೆತ್ತೋರು ಎಂಥೋರು?”

ಆಮೇಲೆ ಅವರು ಸಾಲಾಗಿ ಇಟ್ಟಿದ್ದ ಬ್ಯಾಟರಿಗಳ ಮುಂದೆ ಮಂಡಿಯೂರಿ ಒಂದೊಂದಕ್ಕೂ ಕಿವಿ ಹಚ್ಚಿದರು. ಅಂಗಡಿ ಗಪ್‌ಚಿಪ್ಪಾಯಿತು. ಜೀಪಿಗೆ ಬಲ್ಬು ಕೊಳ್ಳಲು ಬಂದಿದ್ದವನೊಬ್ಬ ತಾನೂ ಕೂತು ಒಂದಕ್ಕೆ ಕಿವಿ ಹಚ್ಚಿದ. ಏನು ಕೇಳುತ್ತದೆ ಎಂದು ನಾನು ಕೇಳಿದೆ. ಮಾವ ಬೆರಳು ತುಟಿಗೆ ಇಟ್ಟು “ಉಸ್ರು” ಅಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಹಚ್ಚಿದೆ. ಏನೂ ಕೇಳಲಿಲ್ಲ. ಆದರೆ ಏಳುವಾಗ ನನ್ನ ಕೆನ್ನೆ ತಣ್ಣಗೆ ಕೊರೆಯುತ್ತಿತ್ತು.

ಕೊನೆಗೂ ಒಂದನ್ನು ಆರಿಸಿದರು. ಗಾಡಿ ಇಲ್ಲಿಗೆ ತನ್ನಿ, ನಾನೇ ಕೂರಿಸಿ ಕೊಡುತ್ತೇನೆ ಎಂದ ಚೇಟ್ಟ. ಮಾವ ಒಪ್ಪಲಿಲ್ಲ. ಹೊಸ ಜೀವ ಮೊದಲು ಮನೆಗೆ ಬರಬೇಕು, ದೀಪ ನೋಡಬೇಕು, ಒಂದು ರಾತ್ರಿ ಇರಬೇಕು, ಬೆಳಗ್ಗೆ ನಾನೇ ಕೂರಿಸುತ್ತೇನೆ ಎಂದರು. ಹೊಸ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದಕ್ಕೂ ಇಷ್ಟು ಶಾಸ್ತ್ರ ಇರಲಿಲ್ಲವೇನೋ. ನಾನು ಅದನ್ನು ಕಾಲಿನ ನಡುವೆ ಇಟ್ಟುಕೊಂಡು ಬೇಗೂರು ದಾಟಿ ತಂದುಕೊಟ್ಟೆ.

ಮರುದಿನ ಬೆಳಗ್ಗೆ ಮಾವನ ಫೋನ್ ಬಂತು. “ಸತ್ತೋಯ್ತು” ಅಂದರು.

ಅತ್ತೆಯಲ್ಲ, ಬ್ಯಾಟರಿ ಎಂದು ತಿಳಿಯಲು ನನಗೆ ಅರ್ಧ ನಿಮಿಷ ಹಿಡಿಯಿತು. ಮಾವನೂ ನಾನೂ ಅದನ್ನು ಹೊತ್ತು ಅಂಗಡಿಗೆ ಒಯ್ದೆವು. ಚೇಟ್ಟ ಮೀಟರ್ ಹಚ್ಚಿ ನೋಡಿ ಹುಬ್ಬು ಗಂಟಿಕ್ಕಿದ. ನಿನ್ನೆ ಇಲ್ಲಿ ತುಂಬಿ ತುಳುಕುತ್ತಿದ್ದದ್ದು ಇವತ್ತು ಖಾಲಿ. ಬೇರೆ ಕೊಟ್ಟ. ಅದೂ ಒಂದು ರಾತ್ರಿಗೆ ಹೋಯಿತು. ಆ ಹೊತ್ತಿಗೆ ಚೇಟ್ಟನ ಮುಖದಲ್ಲಿ ವ್ಯಾಪಾರದ ಬೇಸರ ಹೋಗಿ ಬೇರೇನೋ ಬಂದಿತ್ತು. ಮೂರನೆಯದನ್ನು ಕೊಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ.

“ಸಾರೇ, ಆ ಶೆಡ್ಡಲ್ಲಿ ಮೊದಲು ಯಾರಾದರೂ ಮರಿಚ್ಚಿಟ್ಟುಂಡೋ?”

ಯಾರಾದರೂ ಸತ್ತಿದ್ದಾರಾ ಎಂದು. ಇಲ್ಲಪ್ಪ, ಅಲ್ಲಿ ಕಾಫಿ ಒಣಗಿಸುತ್ತಿದ್ದರು ಎಂದೆ. ಆದರೆ ಸ್ಕೂಟರ್ ಓಡಿಸುವಾಗ ಕಾಲ ಸಂದಿಯಲ್ಲಿ ಕೂತ ಆ ಹೊಸ ಬ್ಯಾಟರಿಯನ್ನು ಮತ್ತೆ ಮತ್ತೆ ನೋಡಿದೆ. ಬಲಿಗೆ ಒಯ್ಯುವ ಕೋಳಿಯನ್ನೂ ನಾನು ಅಷ್ಟು ಮರುಕದಿಂದ ನೋಡಿದವನಲ್ಲ.

ಮೂರನೆಯದು ಸತ್ತದ್ದು ಒಂದು ಗುರುವಾರ ಬೆಳಗ್ಗೆ. ಅವತ್ತು ಇಳಿಜಾರೂ ಕೈಕೊಟ್ಟಿತು. ಗಾಡಿ ಉರುಳಿ ಉರುಳಿ ಕೆಳಗೆ ರಸ್ತೆಯ ಹತ್ತಿರ ಸುಮ್ಮನೆ ನಿಂತುಬಿಟ್ಟಿತು, ಒಳಗೆ ಅತ್ತೆ. ಬೇರೆ ಜೀಪು ಹುಡುಕಿ ಆಸ್ಪತ್ರೆ ಮುಟ್ಟುವಾಗ ಸರದಿ ತಪ್ಪಿತ್ತು. ಶನಿವಾರವೂ ತಪ್ಪಿಸಿದರೆ ನಾವು ಜವಾಬ್ದಾರರಲ್ಲ ಎಂದು ಅಲ್ಲಿನ ನರ್ಸಮ್ಮ ಖಡಾಖಂಡಿತವಾಗಿ ಹೇಳಿ ಕಳಿಸಿದರು. ವಾಪಸು ಬಂದ ಮೇಲೆ ಮಾವ ಅದೇ ಜೀಪಿಗೆ ಕಟ್ಟಿ ಗಾಡಿಯನ್ನು ಮತ್ತೆ ಶೆಡ್ಡಿಗೆ ಎಳೆಸಿದರು. ಶುಕ್ರವಾರ ನಾನು ನೋಡುವಾಗ ಅತ್ತೆಯ ಮುಖ ಊದಿ ಕಣ್ಣು ಚಿಕ್ಕದಾಗಿತ್ತು. ಎರಡು ಮಾತಾಡಿದರೆ ಏದುಸಿರು. ನನಗೆ ನಿಜಕ್ಕೂ ಭಯವಾಯಿತು, ಯಾವ ಭಾಷೆಯಲ್ಲಿ ಎಂದು ಯೋಚಿಸುವಷ್ಟು ಪುರುಸೊತ್ತೂ ಇರಲಿಲ್ಲ.

ಅವತ್ತು ನಾಲ್ಕನೇ ಬ್ಯಾಟರಿ ತಂದೆವು. ಕೊಡುವ ಮೊದಲು ಚೇಟ್ಟ ಅದರ ಮೇಲೆ ಶಿಲುಬೆ ಗೀಚಿದ. ಮಾವ ಅದಕ್ಕೆ ಕುಂಕುಮ ಇಟ್ಟರು. ಎರಡೂ ಮತದ ಕಾವಲು ಸಿಕ್ಕಿತು, ಇನ್ನು ವಿಜ್ಞಾನದ ಸರದಿ ಎಂದುಕೊಂಡು ನಾನು ಅಲ್ಲೇ ಉಳಿದೆ. ಈಗಲೇ ಕೂರಿಸೋಣ ಎಂದು ಬೇಡಿಕೊಂಡೆ. “ಗಾಡಿ ಹೊಟ್ಟೆ ಬಿಚ್ಚೋದು ನಂದು ಕೆಲ್ಸ. ನಾಳೆ ಬೆಳಗ್ಗೆ” ಎಂದು ಮಾವ ಬಾಯಿ ಮುಚ್ಚಿಸಿದರು.

ಸಂಜೆ ಮಂಜು ಕಾಡಿನಿಂದ ಇಳಿದು ಕಾಫಿ ಗಿಡಗಳ ಸಂದಿಗೆ ಬಂತು. ಕಾಡಂಚಿನ ಕಾಲೋನಿಯ ಕೆಂಪಿ, ವರ್ಷಗಳಿಂದ ಅತ್ತೆಗೆ ಕೈ ಆಸರೆಯಾಗಿರುವ ಮುದುಕಿ, ಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದಳು. ನಾನು ಶೆಡ್ಡಿಗೆ ಹತ್ತು ಮಾರು ದೂರದಲ್ಲಿ ನಿಂತಿದ್ದೆ. ಅಷ್ಟು ದೂರಕ್ಕೂ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಒಳಗಿನಿಂದ ಸಣ್ಣಗೆ ಸುಂಯ್ ಎನ್ನುವ ಸದ್ದು, ಹಲ್ಲುಗಳ ಸಂದಿಯಿಂದ ಯಾರೋ ಉಸಿರು ಬಿಡುತ್ತಿರುವ ಹಾಗೆ. ಆ ಸದ್ದಿನ ಜೊತೆಗೆ ಒಂದು ಗಂಡಸಿನ ದನಿ, ತಗ್ಗಿದ ದನಿ.

“ಆ ಬಿದಿರ ಹತ್ರ ನಿಲ್ಬೇಡ... ಎಷ್ಟು ಕಷ್ಟ ಆದ್ರೂ ನಿಲ್ಬೇಡ... ಹಿಂದೆ ಅವಳು ಮಲ್ಗಿರ್ತಾಳೆ...”

ಸುಂಯ್ ಎಂದು ಅದಕ್ಕೆ ಉತ್ತರ.

“ಕೆಂಪೀ, ಅಲ್ಲಿ ಏನೋ ಇದೆ” ಅಂದೆ, ಅರ್ಧ ದನಿಯಲ್ಲಿ.

ಅವಳು ಕೋಳಿಗೂಡಿನ ಚಿಲಕ ಹಾಕಿ, ಶೆಡ್ಡಿನ ಬಾಗಿಲ ಬುಡಕ್ಕೆ ಕೈ ತೋರಿಸಿದಳು. ಅಲ್ಲಿ ಮಾವನ ಚಪ್ಪಲಿಗಳು ಜೋಡಿಸಿ ಇಟ್ಟಿದ್ದವು.

“ದೆಯ್ಯ ಚೆರ್ಪು ಬಿಚ್ಚಿಟ್ಟು ಒಳಗೆ ಹೋಗಾಕಿಲ್ಲ ಸಾರೆ” ಅಂದಳು ಕೆಂಪಿ. “ಇಷ್ಟು ನಾತಾನೂ ಬರಾಕಿಲ್ಲ. ಹೋಗಿ ನೋಡ್ರಿ, ನೀವು ಓದಿದವ್ರಲ್ವಾ.”

ಓದಿದವನು ಹೋದೆ. ಬಾಗಿಲು ತಳ್ಳಿದರೆ ಮುಖಕ್ಕೆ ಬಿಸಿ ಗಾಳಿ ಹೊಡೆಯಿತು. ಗಾಡಿಯ ಬಾನೆಟ್ಟು ತೆರೆದಿತ್ತು. ಒಳಗೆ ಹಳೇ ಬ್ಯಾಟರಿ. ಪಕ್ಕದ ಸ್ಟೂಲಿನ ಮೇಲೆ ಕುಂಕುಮ ಹಚ್ಚಿಕೊಂಡ ಹೊಸ ಬ್ಯಾಟರಿ. ಎರಡರ ನಡುವೆ ಕೆಂಪಗೊಂದು, ಕಪ್ಪಗೊಂದು ದಪ್ಪ ವಯರು ಕಚ್ಚಿಸಿ, ಮಗುಚಿದ ಬಕೆಟ್ಟಿನ ಮೇಲೆ ಮಾವ ಕೈ ಕಟ್ಟಿಕೊಂಡು ಕೂತಿದ್ದರು. ಹಳೆಯದು ಒಳಗೊಳಗೇ ಕುದಿದು ಸುಂಯ್‌ಗುಡುತ್ತಿತ್ತು. ವಾಸನೆಯೂ ಅದರದ್ದೇ.

“ಏನು ಮಾಡ್ತಿದ್ದೀರಿ ಮಾವ?”

“ಕೆಂಡ ಕೊಡ್ತಿದೀನಿ” ಅಂದರು, ಇದೂ ಒಂದು ಕೇಳುವ ಮಾತಾ ಎಂಬಂತೆ.

ನನಗೆ ತಕ್ಷಣ ಅರ್ಥವಾಯಿತು. ಬೇರೆ ಯಾರಿಗೂ ಆಗುತ್ತಿರಲಿಲ್ಲ, ಅದಕ್ಕೆ ನಮ್ಮ ಮನೆಯಲ್ಲೇ ಹುಟ್ಟಿರಬೇಕು. ಕೋಟೆ ಕಡೆಯಿಂದ ಹೊರಟಾಗ ನಮ್ಮಜ್ಜಿ ಹಳೇ ಒಲೆಯ ಕೆಂಡವನ್ನು ಮಡಕೆಯಲ್ಲಿ ಹೊಟ್ಟು ಮುಚ್ಚಿ, ಎತ್ತಿನ ಗಾಡಿಯಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದರಂತೆ. ಅಂದಿನಿಂದ ನಮ್ಮಲ್ಲಿ ಹೊಸ ಒಲೆಗೆ ಬೆಂಕಿಕಡ್ಡಿ ಗೀರುವುದಿಲ್ಲ. ಹಳೆಯದರ ಕೆಂಡದಿಂದಲೇ ಹೊತ್ತಿಸುವುದು. ಗ್ಯಾಸ್ ಒಲೆ ಬಂದ ದಿನವೂ ಮಾವ ಇಕ್ಕಳದಲ್ಲಿ ಕೆಂಡ ಹಿಡಿದು ಅದಕ್ಕೆ ಬೆಂಕಿ ಕೊಡಲು ಹೋಗಿ ಹುಬ್ಬು ಸುಟ್ಟುಕೊಂಡಿದ್ದರು. ಈಗ ಹಳೇ ಬ್ಯಾಟರಿ ತನ್ನ ಕೆಂಡವನ್ನು ಹೊಸದಕ್ಕೆ ದಾಟಿಸಬೇಕು, ದಾರಿ ಹೇಳಿಕೊಡಬೇಕು! ಪ್ರತಿ ಸಂಜೆ ಕಟ್ಟುವುದು, ಬೆಳಗ್ಗೆ ಬಿಚ್ಚುವುದು. ನಡೆದದ್ದು ಮಾತ್ರ ತಿರುವುಮುರುವು. ಒಳಗೆ ಹಾಳಾಗಿದ್ದ ಹಳೆಯದು ಹೊಸದರ ಜೀವವನ್ನೆಲ್ಲ ರಾತ್ರಿಯಿಡೀ ಹೀರಿ ಕುಡಿದಿತ್ತು. ಮೂರೂ ಸಲ.

ಎರಡು ವಾರದ ಹೆದರಿಕೆಯೆಲ್ಲ ಸಿಟ್ಟಾಗಿ ನೆತ್ತಿಗೇರಿತು. ಒಳಗೆ ಅತ್ತೆ ಉಸಿರಿಗೆ ಒದ್ದಾಡುತ್ತಿದ್ದಾರೆ, ಇಲ್ಲಿ ಇವರು ಬ್ಯಾಟರಿಗೆ ಉಪನಯನ ಮಾಡುತ್ತಿದ್ದಾರೆ!

“ಬುದ್ಧಿ ಇದೆಯಾ ಮಾವ ನಿಮಗೆ? ಹೊಸದು ತಾನಾಗಿ ಸಾಯ್ತಿಲ್ಲ, ನೀವೇ ಸಾಯಿಸ್ತಿದ್ದೀರಿ. ಹೀಗೆ ಕಟ್ಟಿದರೆ ಎರಡೂ ಒಂದೇ ಮಟ್ಟಕ್ಕೆ ಇಳೀತವೆ. ಕೆಟ್ಟದ್ದಕ್ಕೆ ಒಳ್ಳೇದನ್ನ ಕಟ್ಟಿದರೆ ಕೆಟ್ಟದ್ದು ಬದುಕಲ್ಲ, ಒಳ್ಳೇದೂ ಹೋಗ್ತದೆ.”

ಮಾವ ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡರು.

“ಡಾಕ್ಟ್ರೂ ಇದೇ ಅಂದ್ರು” ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಹಿಂದೆ ಸದ್ದಾಗಿ ತಿರುಗಿದೆ. ಅತ್ತೆ ಕೆಂಪಿಯ ಭುಜ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ಕಿರುಚಾಟ ಕೇಳಿ ಎದ್ದು ಬಂದಿರಬೇಕು.

“ನಿಂಗೆ ಹೇಳಿರ್ಲಿಲ್ಲ” ಅಂದರು ಅತ್ತೆ, ಉಸಿರು ಎಳೆದುಕೊಳ್ಳುತ್ತಾ. “ಹೋದ ವರ್ಷ ಇವ್ರು ತಮ್ದೊಂದು ಕಿಡ್ನಿ ನಂಗೆ ಕೊಡ್ತೀನಂತ, ಯಾರಿಗೂ ಹೇಳ್ದೆ ಹೋಗಿ ಪರೀಕ್ಷೆ ಮಾಡಿಸ್ಕೊಂಡ್ರು. ಸಕ್ಕರೆ ಕಾಯಿಲೆ ಇದೆ ಅಂತ ಆಗ್ಲೇ ಗೊತ್ತಾಗಿದ್ದು. ತೆಗ್ದು ಕೊಟ್ರೆ ಅವಳೂ ಉಳಿಯೋದು ಕಷ್ಟ, ನೀನೂ ಹೋಗ್ತೀಯ ಅಂದ್ರಂತೆ ಡಾಕ್ಟ್ರು. ಮನೇಗೆ ಬಂದು ಇದೇ ಶೆಡ್ಡಲ್ಲಿ ಕೂತು ಅತ್ರು. ನಾನು ಕಿಟಕೀಲಿ ನೋಡ್ದೆ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾನು ಆಡಿದ ಮಾತನ್ನು ವಾಪಸು ನುಂಗುವ ಹಾಗಿದ್ದರೆ ನುಂಗಿಬಿಡುತ್ತಿದ್ದೆ. ಬಕೆಟ್ಟಿನ ಮೇಲೆ ಕೂತಿದ್ದ ಆ ಮನುಷ್ಯನನ್ನು ನಾನು ಬದುಕಿಡೀ ತಮಾಷೆ ಮಾಡಿಕೊಂಡೇ ಬಂದಿದ್ದೆ. ಅವತ್ತು ಅವರ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.

“ಒಳ್ಳೇದು ಹೋಗ್ಲಿ ಅಂತ ನಾನು ಕಟ್ಟಿಲ್ಲ ಕಣಪ್ಪ” ಅಂದರು ಮಾವ, ನನ್ನ ಮುಖ ನೋಡದೆ. “ಎರಡೂ ಒಂದೇ ಮಟ್ಟಕ್ಕೆ ಬರ್ತವೆ ಅಂತೀಯಲ್ಲ. ಬರ್ಲಿ ಬುಡು. ಒಂದನ್ನ ಬಿಟ್ಟು ಒಂದು ಯಾಕೆ ಉಳೀಬೇಕು?”

ಅತ್ತೆ ಕೆಂಪಿಯ ಭುಜ ಬಿಟ್ಟು, ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಆ ಎಡಗೈಯನ್ನು ಚಾಚಿ, ಹೊಸ ಬ್ಯಾಟರಿಗೆ ಕಚ್ಚಿಸಿದ್ದ ವಯರುಗಳನ್ನು ಒಂದಾದ ಮೇಲೊಂದು ತಾವೇ ಕಿತ್ತರು. ಕುಡಿಯಲು ಶುರುಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ, ಅದರ ಜೀವ ಹೆಚ್ಚೇನೂ ಇಳಿದಿರಲಿಕ್ಕಿಲ್ಲ.

“ಸಾಕು, ಏಳಿ” ಅಂದರು ಮಾವನಿಗೆ. “ನೀವು ಗಟ್ಟಿ ಇದ್ರೆ ತಾನೇ ನನ್ನ ಕರ್ಕೊಂಡು ಹೋಗೋದು.”

ನಾನು ಟಾರ್ಚು ಹಿಡಿದೆ. ಮಾವ ಹಳೆಯದನ್ನು ಎತ್ತಿ ಕೆಳಗಿಟ್ಟು, ಹೊಸದನ್ನು ಕೂರಿಸಿ, ತಿರುಪು ಬಿಗಿದರು. ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಗಾಡಿ ಹೊರಟಿತು. ಮಾವ ಸ್ಟೇರಿಂಗಿಗೆ ಹಣೆ ಹಚ್ಚಿ, ನಾವೆಲ್ಲ ಇದ್ದೇವೆ ಎಂಬುದನ್ನೂ ಮರೆತು, ದೊಡ್ಡ ದನಿ ತೆಗೆದು ಅತ್ತರು.

ಮರುದಿನ ಏಳು ಗಂಟೆಯ ಸರದಿ ಅತ್ತೆಗೆ ತಪ್ಪಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ನನಗೆ ಮರೆಯಲಾಗದ್ದು ಆ ಶುಕ್ರವಾರದ ಸಂಜೆಯೇ. ಮಾವ ಕಣ್ಣೊರೆಸಿಕೊಂಡು ಎಂಜಿನ್ ಆರಿಸಲು ಹೋದಾಗ ಅತ್ತೆ ತಡೆದರು. ದಿಂಬು ಹಾಕಿದ್ದ ಮಧ್ಯದ ಸೀಟಿನ ಕಡೆ ನೋಡಲೂ ಇಲ್ಲ. ಕೆಂಪಿ ಮುಂದಿನ ಬಾಗಿಲು ತೆರೆದಳು. ಅತ್ತೆ ಮಾವನ ಪಕ್ಕದ ಸೀಟಿನಲ್ಲಿ ನಿಧಾನಕ್ಕೆ ಹತ್ತಿ ಕೂತು ಸೆರಗು ಹೊದ್ದುಕೊಂಡರು.

“ಎಲ್ಲಿಗೆ?” ಅಂದರು ಮಾವ.

“ಎಲ್ಲಿಗಾದ್ರೂ. ಇವತ್ತು ಆಸ್ಪತ್ರೆಗಲ್ಲ” ಅಂದರು ಅತ್ತೆ.

ಗಾಡಿ ಇಳಿಜಾರು ಇಳಿದು ರಸ್ತೆಗೆ ಹತ್ತಿತು. ಕೆಂಪಿಯೂ ನಾನೂ ಅಂಗಳದಲ್ಲಿ ನಿಂತು ನೋಡಿದೆವು. ಅವರು ರಸ್ತೆಯ ತಿರುವಿನ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿಕೊಂಡು ಕೂತಿದ್ದು, ಮತ್ತೆ ಮನೆಗೆ ಬಂದರು.